ಹನ್ನೊಂದು ಮಿಲಿಮೀಟರ್

"ನೀ ಓದಿದಾವ ಅದೀ. ಯಾವ್ದ ತಗೊಳ್ಳೋದು, ಹೇಳಿಬಿಡು" ಎಂದು ಮಾಮಾ ಫೋನಿನಲ್ಲಿ ಕೇಳಿದಾಗ ನಾನು ಧಾರವಾಡದ ಹಾಸ್ಟೆಲ್ ಕೋಣೆಯಲ್ಲಿ ಮಹಾಪ್ರಬಂಧದ ಮೂರನೆಯ ಅಧ್ಯಾಯ ಮುಂದಕ್ಕೆ ಹೋಗದೆ ಕೂತಿದ್ದೆ. 2024ರ ದೀಪಾವಳಿ ಮುಗಿದು ಹೆಚ್ಚು ದಿನಗಳಾಗಿರಲಿಲ್ಲ. ಮಾಮಾ ಎಂದರೆ ನನ್ನ ಅವ್ವನ ಅಣ್ಣ. ಕುಕನೂರಿನವರು, ರಸ್ತೆ ಗುತ್ತಿಗೆದಾರರು. ಸುತ್ತಲಿನ ಹಳ್ಳಿಗಳಿಗೆ ಡಾಂಬರು ಹಾಕುತ್ತಲೇ ಮೇಲೆ ಬಂದವರು. ನನ್ನ ಎಂ.ಎ. ಓದಿನ ಎರಡೂ ವರ್ಷದ ಹಾಸ್ಟೆಲ್ ಫೀ ಕಟ್ಟಿದವರು. ಮನೆಯಲ್ಲಿ ಆಗಲೇ ಎರಡು ಕಾರುಗಳಿದ್ದವು. ಈಗ ದೊಡ್ಡದೊಂದು ಬೇಕಾಗಿತ್ತು. ಬೆಂಜ್ ಇ-ಕ್ಲಾಸ್ ಅಥವಾ ಬಿಎಂಡಬ್ಲ್ಯು 5 ಸೀರೀಸ್, ಇವೆರಡರಲ್ಲಿ ಒಂದು.

ನನ್ನ ಸಂಶೋಧನೆ ನೀತಿಶಾಸ್ತ್ರದಲ್ಲಿ ಆಯ್ಕೆಯ ಸಮಸ್ಯೆಯನ್ನು ಕುರಿತದ್ದು. ಅವ್ವ ಇದನ್ನು ಬಹಳ ದಿನ ಚುನಾವಣೆಯ ವಿಷಯ ಎಂದೇ ತಿಳಿದಿದ್ದಳು. ಮಾಮಾನ ಲೆಕ್ಕ ಇನ್ನೂ ಸರಳವಾಗಿತ್ತು: ಹುಡುಗ ಐದು ವರ್ಷದಿಂದ ಆಯ್ಕೆಯ ಮೇಲೆ ಓದುತ್ತಿದ್ದಾನೆ, ಅಂದಮೇಲೆ ಎರಡು ಕಾರಿನಲ್ಲಿ ಒಂದನ್ನು ಆರಿಸಿಕೊಡಲಾರನೆ?

ನಾಚಿಕೆಯಿಲ್ಲದೆ ಹೇಳಬೇಕೆಂದರೆ, ಆ ಪ್ರಶ್ನೆ ನನಗೆ ಖುಷಿ ಕೊಟ್ಟಿತು. ಮೂರನೆಯ ಅಧ್ಯಾಯ ಬದಿಗಿಟ್ಟು ಹದಿನೈದು ದಿನ ಕಾರುಗಳನ್ನು ಓದಿದೆ. ಎಕ್ಸೆಲ್‌ನಲ್ಲಿ ಇಪ್ಪತ್ತಮೂರು ಸಾಲುಗಳ ಪಟ್ಟಿ ಮಾಡಿದೆ. ಎರಡೂ ಕಂಪನಿಗಳು ಆ ವರ್ಷವೇ ಈ ಕಾರುಗಳನ್ನು ಹೊಸ ರೂಪದಲ್ಲಿ ನಮ್ಮ ದೇಶಕ್ಕೆ ತಂದಿದ್ದವು. ಬಿಎಂಡಬ್ಲ್ಯು ಜುಲೈನಲ್ಲಿ, ಬೆಂಜ್ ಅಕ್ಟೋಬರ್‌ನಲ್ಲಿ. ಒಂದನ್ನು ಚೆನ್ನೈ ಬಳಿ ಜೋಡಿಸುತ್ತಾರೆ, ಇನ್ನೊಂದನ್ನು ಪುಣೆ ಬಳಿಯ ಚಾಕಣದಲ್ಲಿ. ಬಂದಾಗಿನ ಶೋರೂಂ ಬೆಲೆ, ಆರಂಭದ ಮಾದರಿಗೆ, ಒಂದಕ್ಕೆ 72.9 ಲಕ್ಷ, ಇನ್ನೊಂದಕ್ಕೆ 78.5 ಲಕ್ಷ. ಎರಡರ ಪೆಟ್ರೋಲ್ ಎಂಜಿನ್ನೂ ಎರಡು ಲೀಟರಿನದು. ಬಿಎಂಡಬ್ಲ್ಯುದು 258 ಅಶ್ವಶಕ್ತಿ, ಬೆಂಜಿನದು 204. ಹಾಗಾದರೆ ಅಗ್ಗವಾದದ್ದೇ ಬಲಶಾಲಿ, ಪ್ರಶ್ನೆ ಮುಗಿಯಿತು ಎನ್ನುವಂತಿಲ್ಲ; ಬೆಂಜಿನ ಹಿಂದಿನ ಸೀಟು ಗುಂಡಿ ಒತ್ತಿದರೆ ಹಿಂದಕ್ಕೆ ಒರಗುತ್ತದೆ, ಮೂಗಿನ ಮೇಲೆ ಆ ನಕ್ಷತ್ರ ಬೇರೆ. ಎರಡನ್ನೂ ಹಿಂದೆ ಕೂರುವವರಿಗಾಗಿಯೇ ಉದ್ದ ಮಾಡಿದ್ದಾರೆ. ಮುಂದಿನ ಗಾಲಿಯ ನಡುವಿನಿಂದ ಹಿಂದಿನ ಗಾಲಿಯ ನಡುವಿಗೆ ಬೆಂಜಿನಲ್ಲಿ 3,094 ಮಿಲಿಮೀಟರ್, ಬಿಎಂಡಬ್ಲ್ಯುದಲ್ಲಿ 3,105. ವ್ಯತ್ಯಾಸ 11 ಮಿಲಿಮೀಟರ್, ಹೆಚ್ಚುಕಡಿಮೆ ನನ್ನ ಕಿರುಬೆರಳಿನಷ್ಟು ದಪ್ಪ. ಆ ಕಿರುಬೆರಳಿನ ಬಗ್ಗೆ ಒಂದು ಇಡೀ ಸಂಜೆ ಯೋಚಿಸಿದೆ.

ಪಟ್ಟಿ ಕಳಿಸಿದೆ. ಮಾಮಾ ನೋಡಿದರು, ಮೆಚ್ಚಿದರು, ಆದರೆ ತೀರ್ಮಾನಿಸಲಿಲ್ಲ. ಬೆಳಿಗ್ಗೆ ಒಂದು, ಸಂಜೆ ಇನ್ನೊಂದು. ಅತ್ತೆ ಬೇಸತ್ತು, "ಚೀಟಿ ಎತ್ತರಿ ಅತ್ತಾಗ" ಎಂದರಂತೆ.

ಇಲ್ಲಿಗೆ ಬಂದಾಗ ತತ್ವಶಾಸ್ತ್ರದ ವಿದ್ಯಾರ್ಥಿಗೆ ಒಂದು ಕತ್ತೆ ನೆನಪಾಗಲೇಬೇಕು. ಸಮಾನ ದೂರದಲ್ಲಿ, ಸಮಾನ ಗಾತ್ರದ ಎರಡು ಹುಲ್ಲಿನ ರಾಶಿಗಳ ನಡುವೆ ನಿಂತು, ಇದನ್ನು ಬಿಟ್ಟು ಅದನ್ನು ತಿನ್ನಲು ಕಾರಣ ಸಿಗದೆ ಹಸಿದು ಸತ್ತ ಕತ್ತೆ. ಅದಕ್ಕೆ ಹದಿನಾಲ್ಕನೆಯ ಶತಮಾನದ ಫ್ರೆಂಚ್ ಚಿಂತಕ ಬುರಿಡಾನ್‌ನ ಹೆಸರು ಅಂಟಿಕೊಂಡಿದೆ, ಆದರೆ ಅವನ ಬರಹಗಳಲ್ಲಿ ಈ ಕತ್ತೆ ಇಲ್ಲ. ಸಮಸ್ಯೆ ಅವನಿಗಿಂತ ಹಳೆಯದು. ಸಮನಾಗಿ ಹಸಿದು, ಸಮನಾಗಿ ಬಾಯಾರಿ, ಅನ್ನಕ್ಕೂ ನೀರಿಗೂ ನಡುವೆ ಅಲ್ಲಾಡದೆ ನಿಂತ ಮನುಷ್ಯನ ಮಾತು ಅರಿಸ್ಟಾಟಲ್‌ನಲ್ಲಿ ಬರುತ್ತದೆ. ಹನ್ನೊಂದನೆಯ ಶತಮಾನದ ಕೊನೆಗೆ ಅಲ್-ಗಜಾಲಿ ಎರಡು ಖರ್ಜೂರಗಳ ಉದಾಹರಣೆ ಕೊಟ್ಟ. ಎಲ್ಲ ರೀತಿಯಲ್ಲೂ ಒಂದೇ ತೆರನಾದ ಎರಡು ಖರ್ಜೂರ ಮುಂದಿದ್ದರೂ ಹಸಿದವನು ಒಂದನ್ನು ಎತ್ತಿಕೊಂಡೇ ತೀರುತ್ತಾನೆ ಎಂದ. ಕಾರಣವಿಲ್ಲದೆಯೂ ಒಂದನ್ನು ಎತ್ತಿಕೊಳ್ಳಬಲ್ಲ ಶಕ್ತಿಗೇ ಅವನು ಇಚ್ಛೆ ಎಂಬ ಹೆಸರು ಕೊಟ್ಟ. ಎಡ್ನಾ ಉಲ್ಮನ್-ಮಾರ್ಗಲಿತ್ ಮತ್ತು ಸಿಡ್ನಿ ಮಾರ್ಗನ್‌ಬೆಸರ್ 1977ರಲ್ಲಿ ಬರೆದ ಲೇಖನವೊಂದರಲ್ಲಿ ಇದನ್ನೇ ಬೇರೆ ಮಾಡಿ ತೋರಿಸಿದರು: ಕಾರಣ ಕೊಟ್ಟು ತೆಗೆದುಕೊಳ್ಳುವುದು ಆರಿಸುವುದು, ಕಾರಣವಿಲ್ಲದೆ ತೆಗೆದುಕೊಳ್ಳುವುದು ಬರೀ ಎತ್ತಿಕೊಳ್ಳುವುದು. ಅಂಗಡಿಯಲ್ಲಿ ಸಾಲಾಗಿಟ್ಟ ಒಂದೇ ನಮೂನೆಯ ಸಾಬೂನುಗಳಲ್ಲಿ ನಾವು ಒಂದನ್ನು ಆರಿಸುವುದಿಲ್ಲ, ಎತ್ತಿಕೊಳ್ಳುತ್ತೇವೆ. ಅತ್ತೆ ಹೇಳಿದ ಚೀಟಿಯೂ ಇದೇ.

ಆದರೆ ಮಾಮಾನ ಸಂಕಟ ಸಾಬೂನಿನದ್ದಲ್ಲ ಎಂಬುದು ನನಗೆ ಒಂದು ಸಣ್ಣ ಘಟನೆಯಿಂದ ಗೊತ್ತಾಯಿತು. ಒಂದು ಕಡೆಯವರು ಫೋನು ಮಾಡಿ ಒಂದು ವರ್ಷದ ಇನ್ಶೂರೆನ್ಸ್ ನಾವೇ ಕಟ್ಟುತ್ತೇವೆ ಎಂದರು. ಎರಡೂ ನಿಜವಾಗಿ ಸಮ ಇದ್ದರೆ ತಕ್ಕಡಿ ಅಲ್ಲಿಗೆ ವಾಲಬೇಕಿತ್ತು. ಸಮನಾದ ಎರಡು ತಟ್ಟೆಗಳಲ್ಲಿ ಒಂದಕ್ಕೆ ಜೋಳದ ಕಾಳು ಹಾಕಿದರೂ ಅದು ಕೆಳಗಿಳಿಯುತ್ತದೆ. ವಾಲಲಿಲ್ಲ. ಮಾಮಾ ಇನ್ನೂ ಅಲ್ಲೇ ಇದ್ದರು. ರೂತ್ ಚಾಂಗ್ ಎಂಬ ತತ್ವಜ್ಞಾನಿ ಹೇಳುವುದು ಇಂಥ ಸ್ಥಿತಿಯನ್ನೇ. ಎರಡು ವಸ್ತುಗಳಲ್ಲಿ ಒಂದು ಮೇಲಲ್ಲ, ಒಂದು ಕೀಳಲ್ಲ, ಎರಡೂ ಸಮವೂ ಅಲ್ಲ, ಅವು ಸರಿಸಾಟಿ. ವಕೀಲಿಕೆ ಮಾಡಲೋ ತತ್ವಶಾಸ್ತ್ರ ಓದಲೋ ಎಂಬಂಥ ಪ್ರಶ್ನೆಯಲ್ಲಿ ಹೀಗಾಗುತ್ತದೆ. ಅವರೇ ಆ ಎರಡರ ನಡುವೆ ಸಿಕ್ಕವರು. ಅಂಥ ಕಡೆ ಹೊರಗಿನ ಕಾರಣಗಳು ಮುಗಿದುಹೋಗುತ್ತವೆ. ಒಂದರ ಹಿಂದೆ ನಿಂತು, ನಾನು ಇಂಥವನು ಎಂದು ನಮ್ಮನ್ನು ನಾವೇ ಮಾಡಿಕೊಳ್ಳುವ ಅವಕಾಶ ಅಲ್ಲಿ ಸಿಗುತ್ತದೆ ಎನ್ನುತ್ತಾರೆ ಅವರು.

ಇದು ನನ್ನ ಮೂರನೆಯ ಅಧ್ಯಾಯದ ಮುಖ್ಯ ವಾದವೂ ಆಗಿತ್ತು. ಮಾಮಾನಿಗೆ ಹೇಳಲು ಹೊರಟು ನನ್ನ ಬಾಯಿ ಕಟ್ಟಿತು. ಯಾಕೆಂದರೆ ಕಾರು ಮಾರುವವರು ಹೇಳುವುದೂ ಅಕ್ಷರಶಃ ಇದನ್ನೇ: ನೀವು ಎಂಥವರು ಎಂಬುದನ್ನು ನಿಮ್ಮ ಕಾರು ಹೇಳಲಿ. ನನ್ನ ಅಧ್ಯಾಯವೂ ಅವರ ಜಾಹೀರಾತೂ ಒಂದೇ ಮಾತಾಡುತ್ತಿದ್ದರೆ, ಎಲ್ಲೋ ಒಂದು ಕಡೆ ಏನೋ ತಪ್ಪಿದೆ.

ಎಲ್ಲಿ ತಪ್ಪಿದೆ ಎಂದು ಹುಡುಕಲು ನಾನು ಒಂದು ಹೆಜ್ಜೆ ಹಿಂದೆ ಹೋಗಬೇಕಾಯಿತು. ಈ ಎರಡು ಹೆಸರುಗಳು ಮಾಮಾನ ಮುಂದೆ ಬಂದದ್ದಾದರೂ ಹೇಗೆ? ನಮ್ಮ ಹಿರಿಯರ ಕಾಲದಲ್ಲಿ ಕಾರು ಎಂದರೆ ಅಂಬಾಸಿಡರ್ ಅಥವಾ ಫಿಯಟ್. ಆ ಎರಡರ ಪಟ್ಟಿಯನ್ನು ಬರೆದದ್ದು ಸರ್ಕಾರದ ಲೈಸೆನ್ಸು. 1980ರ ದಶಕದಲ್ಲಿ ಉಳ್ಳವರಿಗೆಂದು ಕಾಂಟೆಸ್ಸಾ ಮತ್ತು ಪ್ರೀಮಿಯರ್ 118 ಎನ್‌ಇ ಬಂದವು. ಅವನ್ನು ಮಾಡಿದ್ದೂ ಅದೇ ಎರಡು ಕಂಪನಿಗಳು. ಆಮೇಲೆ ದಾರಿ ತೆರೆಯಿತು, 1990ರ ದಶಕದಲ್ಲಿ ಬೆಂಜ್ ಪುಣೆಗೆ ಬಂತು, 2007ರಲ್ಲಿ ಬಿಎಂಡಬ್ಲ್ಯು ಚೆನ್ನೈಗೆ. ಇವತ್ತು ಮಾಮಾನ ಹಣಕ್ಕೆ ಹತ್ತಾರು ಬಗೆಯ ಕಾರು ಸಿಗುತ್ತವೆ. ಆದರೂ ಪಟ್ಟಿಯಲ್ಲಿ ಎರಡೇ. ಕೇಳಿದೆ. ಮಾಮಾ ಮುಚ್ಚಿಡಲಿಲ್ಲ: ಗಂಗಾವತಿಯ ರೈಸ್‌ಮಿಲ್ ಸ್ನೇಹಿತರ ಹತ್ತಿರ ಬೆಂಜ್ ಇದೆ; ಹೊಸಪೇಟೆಯ ಇನ್ನೊಬ್ಬ ಗುತ್ತಿಗೆದಾರರು ಬಿಎಂಡಬ್ಲ್ಯು ಇಟ್ಟಿದ್ದಾರೆ. "ಮೀಟಿಂಗಿಗೆ ಹೋದಾಗ ಗಾಡಿ ಎಲ್ಲಿ ನಿಂತೈತಿ ಅಂತ ನೋಡತಾರಪಾ. ನಮ್ಮ ಧಂದೇನ ಹಂಗೈತಿ." ಇದು ಡಂಭವೆಂದು ಬೈಯುವುದು ಸುಲಭ. ಕಣ್ಣಿಗೆ ಕಾಣುವ ಖರ್ಚಿನಿಂದಲೇ ಸಮಾಜ ಯೋಗ್ಯತೆ ಅಳೆಯುತ್ತದೆ ಎಂದು ವೆಬ್ಲೆನ್ 1899ರಲ್ಲೇ ಬರೆದ. ಮಾಮಾ ಅಳತೆಗೋಲು ಮಾಡಿದವರಲ್ಲ, ಅದರ ಕೆಳಗೆ ನಿಂತವರು.

ಅಂದರೆ ಆಯ್ಕೆ ನಡೆದದ್ದು ಎರಡರ ನಡುವೆ ಅಲ್ಲ. ಪಟ್ಟಿ ಬರೆಯುವಾಗಲೇ ನಡೆದುಹೋಗಿತ್ತು, ಅದೂ ಮಾಮಾನ ಬೆನ್ನ ಹಿಂದೆ. ಉಳಿದದ್ದು 11 ಮಿಲಿಮೀಟರ್. ಮನುಷ್ಯ ತಾನು ಸ್ವತಂತ್ರ ಎಂದು ನಂಬಬೇಕಾದರೆ ಆ 11 ಮಿಲಿಮೀಟರಿನಲ್ಲಿ ಬಹಳ ಒದ್ದಾಡಬೇಕಾಗುತ್ತದೆ.

ಇಲ್ಲಿ ನನಗೆ ಅಪ್ಪ ನೆನಪಾದ. ಅಪ್ಪನಿಗೆ ನಾಲ್ಕೆಕರೆ ಎರೆ ಹೊಲ. ನಾನು ಸಣ್ಣವನಿದ್ದಾಗ ಎತ್ತು ಕೊಳ್ಳಲು ಅವನ ಜೊತೆ ಸಂತೆಗೆ ಹೋಗಿದ್ದೆ. ಮನೆಯಲ್ಲಿ ಒಂದು ಎತ್ತು ಉಳಿದಿತ್ತು, ಅದಕ್ಕೆ ಜೋಡಿ ಬೇಕಿತ್ತು. ಎರಡು ಎತ್ತು ಒಪ್ಪಿಗೆಯಾದವು. ಅಪ್ಪ ಹಲ್ಲು ನೋಡಿದ, ಸುಳಿ ನೋಡಿದ, ನಡೆಸಿ ನೋಡಿದ. ಕೊನೆಗೆ ಅವುಗಳಲ್ಲಿ ಚಂದವಾದದ್ದನ್ನು ಬಿಟ್ಟು ಇನ್ನೊಂದನ್ನು ಹಿಡಿದ. ಯಾಕೆಂದು ಕೇಳಿದ್ದಕ್ಕೆ, "ಮನ್ಯಾಗಿಂದು ಇದಕ್ಕ ಹೊಂದಬೇಕಲ್ಲ" ಎಂದ. ಅಪ್ಪನ ಆಯ್ಕೆಯಲ್ಲಿ, ಸಂತೆಯಲ್ಲಿ ಇಲ್ಲದ ಒಂದು ಎತ್ತಿಗೂ ಮಾತಿತ್ತು. ಜೋಡಿಯ ಎತ್ತಿನ ಹೆಗಲ ಎತ್ತರ, ಅದರ ನಡಿಗೆಯ ವೇಗ, ನೊಗದ ಇನ್ನೊಂದು ತುದಿಯ ನೋವು ಎಲ್ಲವೂ ಲೆಕ್ಕಕ್ಕೆ ಬಂದಿದ್ದವು. ಬಡವನಾದದ್ದರಿಂದ ಅಪ್ಪ ಒಳ್ಳೆಯವನು ಎಂದು ನಾನು ಹೇಳುತ್ತಿಲ್ಲ. ತಪ್ಪಿದರೆ ಹೊಲ ಬಿತ್ತುವುದು ನಿಲ್ಲುತ್ತಿತ್ತು, ಅದಕ್ಕೇ ಅವನ ಪಟ್ಟಿ ಉದ್ದವಾಗಿತ್ತು.

ಹಾಗಾದರೆ ಮಾಮಾನ ಕಾರಿನ ನೊಗದ ಇನ್ನೊಂದು ತುದಿಯಲ್ಲಿ ಯಾರಿದ್ದರು? ಇದ್ದವನು ನನ್ನ ಗೆಳೆಯ. ನಾವಿಬ್ಬರೂ ಕುಕನೂರಿನ ಸರ್ಕಾರಿ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು. ಗಣಿತದಲ್ಲಿ ಅವನು ನನಗಿಂತ ಮುಂದಿದ್ದ. ಪಿಯುಸಿಗೆ ಬರುವಷ್ಟರಲ್ಲಿ ಅವನ ಅಪ್ಪ ತೀರಿಕೊಂಡ. ನನಗೆ ಮಾಮಾ ಇದ್ದರು, ಅವನಿಗೆ ಯಾರೂ ಇರಲಿಲ್ಲ. ಈಗ ಅವನು ಮಾಮಾನ ಡ್ರೈವರ್, ತಿಂಗಳಿಗೆ ಹದಿನೆಂಟು ಸಾವಿರ. ಓಣಿಯಲ್ಲಿ ಸಿಕ್ಕರೆ "ಲೇ" ಎನ್ನುತ್ತಾನೆ, ಮಾಮಾನ ಮುಂದೆ "ಸರ" ಎನ್ನುತ್ತಾನೆ. ಕಾರು ನೋಡಲು ಬೆಂಗಳೂರಿಗೆ ನಮ್ಮಿಬ್ಬರನ್ನು ಕರೆದುಕೊಂಡು ಹೋದವನೂ ಅವನೇ. ಎರಡೂ ಕಡೆ ಮಾಮಾನಿಗೆ ಹಿಂದಿನ ಬಾಗಿಲನ್ನೇ ಮೊದಲು ತೆರೆದು ತೋರಿಸಿದರು. ಇವು ಹಿಂದೆ ಕೂರುವವರ ಕಾರುಗಳಲ್ಲವೇ? ನಾನೂ ಕೂತು ಕಾಲು ಚಾಚಿ ನೋಡಿದೆ. ಅವನು ಹೊರಗೆ ಬೇರೆ ಡ್ರೈವರುಗಳ ಜೊತೆ ನಿಂತಿದ್ದ.

ವಾಪಸು ಬರುವಾಗ ಚಿತ್ರದುರ್ಗ ದಾಟಿ ಒಂದು ಢಾಬಾದಲ್ಲಿ ನಿಲ್ಲಿಸಿದೆವು. ಮಾಮಾ ಕೈ ತೊಳೆಯಲು ಹೋದಾಗ, ನಿನಗೆ ಯಾವುದು ಸೇರಿತು ಎಂದು ಅವನನ್ನು ಕೇಳಿದೆ. "ಯಾವ್ದಾದ್ರೇನ್ಲೇ, ನಾ ತಗಿಯೋ ಬಾಗಲಾ ಎಡಕ್ಕ ಹಿಂದಿಂದು" ಎಂದು ನಕ್ಕ. ಸ್ವಲ್ಪ ಹೊತ್ತು ಬಿಟ್ಟು ಹೇಳಿದ: "ಕೇಳಿದಿ ಅಂತ ಹೇಳತೀನಿ. ಎರಡೂ ಉದ್ದ, ಎರಡೂ ತಗ್ಗ. ಭಾನಾಪುರದಿಂದ ನಮ್ಮ ಓಣಿಗೆ ಬರೂತನಕ ಎಷ್ಟ ಹಂಪ್ ಅದಾವ ಎಣಸೀಯೇನು? ತಾಗಿದ್ರ ಬೈಸಿಗೊಳ್ಳಾವ ನಾನು. ಇನ್ನೊಂದು, ಹಿಂದಿನ ಸೀಟು ಒರಗತೈತಂತ ಹೇಳಿದಿ. ಮುಂದಿಂದು? ಮದಿವ್ಯಾಗ, ಮೀಟಿಂಗ್ನ್ಯಾಗ ರಾತ್ರಿ ಎರಡರ ಮಟ ಕಾಯೋದು ನಾನು. ಮಲಗೋದು ಅದರಾಗ."

ನನ್ನ ಇಪ್ಪತ್ತಮೂರು ಸಾಲುಗಳಲ್ಲಿ ಡ್ರೈವರ್ ಮಲಗುವ ಸೀಟಿಗೆ ಸಾಲಿರಲಿಲ್ಲ. ದಿನಕ್ಕೆ ಹತ್ತು ತಾಸು ಆ ಕಾರಿನೊಳಗೆ ಬದುಕುವವನು ಅವನೊಬ್ಬನೇ. ಅವನನ್ನು ಕೇಳಬೇಕೆಂದು ಆಯ್ಕೆಯ ಬಗ್ಗೆ ಐದು ವರ್ಷ ಓದಿದವನಿಗೆ ಹೊಳೆದಿರಲಿಲ್ಲ. ಆ ರಾತ್ರಿ ಕಾರಿನಲ್ಲಿ ಕೂತು ಇನ್ನೊಂದು ಲೆಕ್ಕ ಹಾಕಿದೆ. ಎರಡು ಕಾರುಗಳ ಬೆಲೆಯ ವ್ಯತ್ಯಾಸ 5.6 ಲಕ್ಷ. ನನಗೆ ಆಗ ಬರುತ್ತಿದ್ದ ಫೆಲೋಶಿಪ್ ತಿಂಗಳಿಗೆ 42,000. ಆ ವ್ಯತ್ಯಾಸ ನನ್ನ ಹದಿಮೂರು ತಿಂಗಳು. ಅವನ ಮೂವತ್ತೊಂದು ತಿಂಗಳು. ಕಾರಿನ ಬೆಲೆಯಲ್ಲ, ಇದು ವ್ಯತ್ಯಾಸ ಮಾತ್ರ. ಪಟ್ಟಿಯಲ್ಲಿ ನಾನು ಆ ಸಾಲಿನ ಎದುರು 'ಗಣನೀಯವಲ್ಲ' ಎಂದು ಬರೆದಿದ್ದೆ.

ಕಠೋಪನಿಷತ್ತಿನ ನಚಿಕೇತನ ಕತೆ ಎಲ್ಲರಿಗೂ ಗೊತ್ತು. ಯಮ ಅವನಿಗೆ ಆನೆ, ಕುದುರೆ, ಚಿನ್ನ, ರಥಗಳನ್ನು ಕೊಡುತ್ತೇನೆ ಎನ್ನುತ್ತಾನೆ. ನಿನ್ನ ವಾಹನಗಳು ನಿನ್ನಲ್ಲೇ ಇರಲಿ ಎಂದು ಹುಡುಗ ಬೇಡವೆನ್ನುತ್ತಾನೆ. ಶ್ರೇಯಸ್ಸು ಬೇರೆ, ಪ್ರೇಯಸ್ಸು ಬೇರೆ ಎಂಬ ಉಪದೇಶ ಆಮೇಲೆ ಬರುತ್ತದೆ. ನನಗನ್ನಿಸುವುದು, ಯಮ ಇನ್ನೂ ಸ್ವಲ್ಪ ಚಾಲಾಕಿಯಾಗಿದ್ದರೆ ಒಂದು ರಥ ಕೊಡುತ್ತೇನೆ ಎನ್ನುತ್ತಿರಲಿಲ್ಲ. ಎರಡು ರಥ ತಂದು ನಿಲ್ಲಿಸಿ ಇವೆರಡರಲ್ಲಿ ಯಾವುದು ಎಂದು ಕೇಳುತ್ತಿದ್ದ. ಬೇಕೋ ಬೇಡವೋ ಎಂದು ಕೇಳಿದರೆ ಬೇಡ ಎನ್ನಬಹುದು. ಇದೋ ಅದೋ ಎಂದು ಕೇಳಿದರೆ ಬೇಡ ಎಂಬ ಉತ್ತರವೇ ಪಟ್ಟಿಯಿಂದ ಬಿದ್ದುಹೋಗುತ್ತದೆ. ಪ್ರೇಯಸ್ಸು ಒಂದೇ ಇದ್ದಾಗ ಅದರ ಎದುರು ಶ್ರೇಯಸ್ಸು ಕಾಣುತ್ತದೆ. ಎರಡು ಪ್ರೇಯಸ್ಸುಗಳು ಎದುರುಬದುರಾದಾಗ ಅವು ಒಂದನ್ನೊಂದು ನೋಡುತ್ತ ನಿಲ್ಲುತ್ತವೆ, ನಾವು ಅವೆರಡನ್ನೂ ನೋಡುತ್ತ ನಿಲ್ಲುತ್ತೇವೆ.

ಆ ಕತೆಯಲ್ಲಿ ನನಗೆ ಈಗ ಹೆಚ್ಚು ಕಾಡುವುದು ರಥ ಬೇಡವೆಂದದ್ದಲ್ಲ, ಕತೆಯ ಮೊದಲ ಪ್ರಶ್ನೆ. ಅಪ್ಪ ಯಜ್ಞದಲ್ಲಿ ಎಲ್ಲವನ್ನೂ ದಾನ ಕೊಡುತ್ತಿದ್ದಾನೆ, ಕೊಡುವುದು ಮಾತ್ರ ಮುದಿ ಹಸುಗಳು. ಹುಡುಗ ಯಾವ ಹಸು ಒಳ್ಳೆಯದು ಎಂದು ಚರ್ಚಿಸುವುದಿಲ್ಲ. ನನ್ನನ್ನು ಯಾರಿಗೆ ಕೊಡುತ್ತೀ ಎಂದು ಕೇಳುತ್ತಾನೆ. ಪಟ್ಟಿಯಲ್ಲಿ ಇಲ್ಲದ್ದೊಂದನ್ನು, ತನ್ನನ್ನೇ, ಪಟ್ಟಿಗೆ ಸೇರಿಸುತ್ತಾನೆ. ಅದಕ್ಕೇ ಅಪ್ಪನಿಗೆ ಸಿಟ್ಟು ಬರುತ್ತದೆ. ಪಟ್ಟಿಯ ಒಳಗಿನ ಪ್ರಶ್ನೆಗಳಿಗೆ ಯಾರಿಗೂ ಸಿಟ್ಟು ಬರುವುದಿಲ್ಲ. ಮಾಮಾನಿಗೂ ನನ್ನ ಎಕ್ಸೆಲ್ ಬಹಳ ಹಿಡಿಸಿತ್ತು.

ಮಾಮಾನ ಪರವಾಗಿಯೂ ಹೇಳಲು ಮಾತುಗಳಿವೆ, ಅವು ಪೊಳ್ಳಲ್ಲ. ಹಣ ಅವರದು. ಆಗ ಅಂಥ ಕಾರಿನ ಮೇಲೆ ಸೆಸ್ ಸೇರಿ ಶೇ 48 ಜಿಎಸ್‌ಟಿ ಇತ್ತು, ರಾಜ್ಯದ ತೆರಿಗೆ ಬೇರೆ. "ನಾ ಕಟ್ಟಿದ್ದ ತೆರಿಗಿಯೊಳಗ ಎಷ್ಟ ಮಂದಿ ಉಣತಾರ" ಎಂದು ಅವರೇ ಕೇಳಿದರು. ವೈಭವದಿಂದ ಒಳ್ಳೆಯದೂ ಹುಟ್ಟಿದೆ. ನಮ್ಮೂರಿನ ಪಕ್ಕದ ಇಟಗಿಯ ಮಹಾದೇವ ದೇವಾಲಯವನ್ನು 1112ರಲ್ಲಿ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ. ಶಾಸನ ಅದನ್ನು ದೇವಾಲಯ ಚಕ್ರವರ್ತಿ ಎಂದು ಕರೆಯುತ್ತದೆ. ಆ ಬಿರುದಿನಲ್ಲೂ ಬೇರೆಯವರ ಗುಡಿಗಿಂತ ನನ್ನದು ದೊಡ್ಡದು ಎಂಬ ದನಿ ಇದೆ. ಒಂಬೈನೂರು ವರ್ಷ ಕಳೆದ ಮೇಲೆ ನಾವು ಆ ಕಂಬಗಳನ್ನು ಮುಟ್ಟಿ ಸಂತೋಷಪಡುತ್ತೇವೆ. ಹಾಗಾಗಿ ಐಷಾರಾಮವೇ ಪಾಪ ಎಂದು ಬರೆಯಲು ನನಗೆ ಕೈ ಬರುವುದಿಲ್ಲ. ಮಾಮಾ ದುಡ್ಡು ಉಳ್ಳವರಾದದ್ದರಿಂದಲೇ ನಾನು ಓದಿದೆ. ನನ್ನ ಗೆಳೆಯನಿಗೆ ಅಂಥವರು ಇಲ್ಲದ್ದರಿಂದ ಅವನು ಓದಲಿಲ್ಲ. ಇದನ್ನು ಬರೆಯುತ್ತಿರುವ ಕೈಯೂ ಆ ಡಾಂಬರಿನದೇ.

ನಾನು ಕಲಿತದ್ದು ಇಷ್ಟು ಸಣ್ಣದು. ಎರಡು ಸರಿಸಾಟಿ ವಸ್ತುಗಳ ನಡುವೆ ಮನಸ್ಸು ಬಹಳ ಹೊತ್ತು ತೂಗಾಡುತ್ತಿದ್ದರೆ, ತಕ್ಕಡಿಯನ್ನು ಇನ್ನಷ್ಟು ಸೂಕ್ಷ್ಮ ಮಾಡಬೇಕಾಗಿಲ್ಲ. ಪಟ್ಟಿಯನ್ನು ಯಾರು ಬರೆದರು, ಯಾರನ್ನು ಕೇಳದೆ ಬರೆದರು ಎಂದು ನೋಡಬೇಕು. ನಮ್ಮನ್ನು ನಾವು ಮಾಡಿಕೊಳ್ಳುವ ಜಾಗ ಇದ್ದರೆ ಅದು ಅಲ್ಲಿದೆ. ಸಣ್ಣ ವ್ಯತ್ಯಾಸಗಳ ಮೇಲೆ ಶ್ರದ್ಧೆಯಿಂದ ದುಡಿದವನಿಗೆ ತಾನು ಬಹಳ ಯೋಚಿಸಿದೆ ಎಂಬ ನೆಮ್ಮದಿ ಸಿಗುತ್ತದೆ. ದೊಡ್ಡ ವ್ಯತ್ಯಾಸ ಹೊರಗೆ ಶೋರೂಮಿನ ಬಾಗಿಲಲ್ಲಿ ನಿಂತಿರುತ್ತದೆ. ಆ ನೆಮ್ಮದಿಯನ್ನು ಒದಗಿಸಿಕೊಡುವುದು ನಮ್ಮಂಥ ಓದಿದವರ ಕೆಲಸವಾಗಿಬಿಟ್ಟಿದೆ ಎಂಬುದು ನನ್ನ ಹೆದರಿಕೆ.

ಗೆಳೆಯ ಹೇಳಿದ್ದನ್ನು ಮಾಮಾನಿಗೆ ಹೇಳಿದೆ. ಅವನ ಹೆಸರು ಹೇಳದೆ, ನನ್ನದೇ ಮಾತೆಂಬಂತೆ ಹೇಳಿದೆ. ಅಷ್ಟು ಧೈರ್ಯ ನನಗಿರಲಿಲ್ಲ. ಮಾಮಾ ನಕ್ಕು, "ಹಂಪಿನ ಕತಿ ನನಗ ಹೇಳತೀಯೇನು, ಹಾಕಿದಾವ ನಾನ" ಎಂದರು. ಯುಗಾದಿಗೆ ಕಾರು ಬಂತು. ಯಾವುದು ಎಂದು ನಾನು ಹೇಳುವುದಿಲ್ಲ. ಹೇಳಿದರೆ ನೀವೂ ಅದು ಸರಿಯೇ ತಪ್ಪೇ ಎಂದು ತೂಗಲು ಕೂರುತ್ತೀರಿ.

ಕಳೆದ ಮೇ ತಿಂಗಳಲ್ಲಿ ಗೆಳೆಯನ ಫೋನು ಬಂತು. ಮಗಳಿಗೆ ಆರು ವರ್ಷ, ಒಂದನೆಯ ತರಗತಿ. ಎರಡು ಇಂಗ್ಲಿಷ್ ಮೀಡಿಯಂ ಶಾಲೆಗಳ ಹೆಸರು ಹೇಳಿ, ಫೀ, ಬಸ್ಸು, ಯೂನಿಫಾರ್ಮಿನ ಖರ್ಚು ಎಲ್ಲ ಒಪ್ಪಿಸಿ, "ನೀ ಓದಿದಾವ ಅದೀ, ಯಾವ್ದಕ್ಕ ಹಾಕೋದು ಹೇಳಲೇ" ಎಂದ. ಕೈ ತಾನಾಗಿ ಲ್ಯಾಪ್‌ಟಾಪಿನ ಕಡೆ ಹೋಯಿತು. ತಡೆದು, ಇವೆರಡು ಬಿಟ್ಟರೆ ಮತ್ತ್ಯಾವುದೈತಿ ಎಂದು ಕೇಳಿದೆ.

ಅವನು ಸುಮ್ಮನಾದ. ಆಮೇಲೆ ಹೇಳಿದ: "ಮತ್ತ್ಯಾವುದು? ನಾವು ಕಲತ ಸಾಲಿ ಐತಿ."

ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅಲ್ಲಿಗೇ ಹಾಕು ಎನ್ನಲು ನನ್ನ ಬಾಯಿ ಬರಲಿಲ್ಲ. ಅದನ್ನು ನಾವಿಬ್ಬರೂ ಪಟ್ಟಿಯಿಂದ ಯಾವಾಗ ತೆಗೆದೆವು ಎಂದು ಯೋಚಿಸುತ್ತಿದ್ದೆ.